ಸಾದಾ ಮೊಳೆ, ರಿಂಗ್ ಮೊಳೆ, ಹೆಡ್‌ಲೆಸ್ ಮೊಳೆ: ಯಾವುದು ಎಲ್ಲಿಗೆ?

ಮೊಳೆ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಉದ್ದ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಮೊಳೆಯ ಮೈ.

ಒಂದೇ ಉದ್ದದ ಸಾದಾ ಮೊಳೆ ಮತ್ತು ರಿಂಗ್ ಮೊಳೆಯನ್ನು ಒಂದೇ ಪೈನ್ ಹಲಗೆಗೆ ಅಕ್ಕಪಕ್ಕ ಹೊಡೆದು, ಕೆಲವು ವಾರ ಬಿಟ್ಟು ಕಿತ್ತು ನೋಡಿದೆ. ಸಾದಾ ಮೊಳೆ ಕಿರ್ರೆಂದು ಸದ್ದು ಮಾಡಿ ನೆಟ್ಟಗೆ ಆಚೆ ಬಂತು. ರಿಂಗ್ ಮೊಳೆ ಅಲುಗಲೇ ಇಲ್ಲ. ಜೋರು ಹಾಕಿದಾಗ ಬಂತು, ಜೊತೆಗೆ ಸುತ್ತಲಿನ ಮರದ ಸಿಬಿರನ್ನೂ ಎಬ್ಬಿಸಿತು. ಅದರ ಮೈತುಂಬ ಸಣ್ಣ ಉಂಗುರಗಳಿವೆ. ಮರದ ನಾರು ಆ ಸಂದುಗಳಲ್ಲಿ ಸಿಕ್ಕಿಕೊಂಡು ಬಿಡುತ್ತದೆ. ಸಾದಾ ಮೊಳೆಗೆ ಇರುವುದು ಬರೀ ಉಜ್ಜಿಕೊಂಡು ನಿಲ್ಲುವ ಹಿಡಿತ. ಹಸಿ ಮರ ಒಣಗುತ್ತಾ ಬಂದಂತೆ ಅದೂ ಸಡಿಲವಾಗುತ್ತದೆ.

ಹಾಗಂತ ಎಲ್ಲಕ್ಕೂ ರಿಂಗ್ ಮೊಳೆ ಬೇಡ. ನೆಲಕ್ಕೆ ಹಾಸುವ ಹಲಗೆ, ಪ್ಲೈವುಡ್, ಅಲುಗಾಡುವ ಜಾಗ, ಇಂಥ ಕಡೆ ಅದೇ ಸರಿ. ಬಿಚ್ಚಿ ಜೋಡಿಸುವ ಕೆಲಸಕ್ಕೆ ಸಾದಾ ಮೊಳೆಯೇ ಒಳ್ಳೆಯದು. ಪದೇ ಪದೇ ಬಿಚ್ಚುವುದಾದರೆ ಸ್ಕ್ರೂ ಹಾಕಿ, ಸುಮ್ನೆ ಮರ ಹಾಳು ಮಾಡಬೇಡಿ. ಆದರೆ ಪಕ್ಕದಿಂದ ಭಾರ ಬೀಳುವ ಚೌಕಟ್ಟಿಗೆ ಜಿಪ್ಸಮ್ ಬೋರ್ಡಿನ ಕಪ್ಪು ಸ್ಕ್ರೂ ಮಾತ್ರ ಬೇಡವೇ ಬೇಡ. ಅದು ಗಡಸು, ಪಟ್ಟನೆ ಮುರಿಯುತ್ತದೆ. ಮೊಳೆಯಾದರೆ ಮೊದಲು ಬಾಗುತ್ತದೆ.

ಹೆಡ್‌ಲೆಸ್ ಮೊಳೆ ಅಂದಕ್ಕೆ. ಬೀಡಿಂಗ್ ಪಟ್ಟಿಗೆ (ಅಂಚು ಮುಚ್ಚುವ ತೆಳು ಮರದ ಪಟ್ಟಿ) ಹೊಡೆದು, ಪಂಚ್‌ನಿಂದ (ಮೊಳೆಯ ಮೇಲಿಟ್ಟು ಬಡಿಯುವ ಸಣ್ಣ ಕಬ್ಬಿಣದ ಕಡ್ಡಿ) ಒಳಗಿಳಿಸಿ, ಪುಟ್ಟಿ ಹಚ್ಚಿದರೆ ಗುರುತೇ ಸಿಗದು. ಹಲಗೆಯನ್ನು ಅದುಮಿ ಹಿಡಿಯಲು ಅಗಲ ತಲೆ ಇಲ್ಲವಲ್ಲ, ಹಾಗಾಗಿ ಭಾರ ಹೊರುವ ಜಾಗಕ್ಕೆ ಅದನ್ನು ನಂಬಬೇಡಿ. ಗಮ್ ಹಚ್ಚಿ ಕೂಡಿಸಿದ ಜಾಗಕ್ಕೆ, ಗಮ್ ಒಣಗುವ ತನಕ ಹಿಡಿದಿರಲು, ಇದಕ್ಕಿಂತ ಒಳ್ಳೆಯದಿಲ್ಲ.

ಇನ್ನು ಉದ್ದ. ಮೇಲಿನ ಹಲಗೆಯ ದಪ್ಪಕ್ಕೆ ಸುಮಾರು 3 ಪಟ್ಟು ಉದ್ದದ ಮೊಳೆ, ಇದು ಹಳೆಯ ಲೆಕ್ಕ. 18 ಮಿ.ಮೀ. ಹಲಗೆಗೆ 50 ಮಿ.ಮೀ. ಆಸುಪಾಸು. ಮೊಳೆ ಆಚೆ ಬದಿಗೆ ಇಣುಕುವಂತಿದ್ದರೆ ಗಿಡ್ಡದ್ದು ತಗೊಳ್ಳಿ. ಹಲಗೆಯ ಕೊನೆಯ ಮುಖಕ್ಕೆ, ಅಂದರೆ ನಾರಿನ ಉದ್ದಕ್ಕೇ, ಹೊಡೆದ ಮೊಳೆಗೆ ಹಿಡಿತ ಕಮ್ಮಿ. ಅಲ್ಲಿ ನೆಟ್ಟಗೆ ಹೊಡೆಯದೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ವಾಲಿಸಿ ಹೊಡೆದಾಗ ಕೀಲು ಚೆನ್ನಾಗಿಯೇ ನಿಂತಿತು.

ಅಂಚಿನ ಹತ್ತಿರ ಹಲಗೆ ಸೀಳುವ ಭಯ ಇದ್ದೇ ಇರುತ್ತದೆ, ಅಲ್ವಾ? ಮೊಳೆಯನ್ನು ತಲೆಕೆಳಗಾಗಿಟ್ಟು ತುದಿಗೆ ಸುತ್ತಿಗೆಯಿಂದ ಒಂದು ಸಣ್ಣ ಏಟು ಕೊಡಿ. ಚೂಪು ತುದಿ ನಾರನ್ನು ಬೇರ್ಪಡಿಸಿ ಸೀಳುತ್ತದೆ, ಮೊಂಡು ತುದಿ ನಾರನ್ನು ಜಜ್ಜಿ ದಾರಿ ಮಾಡಿಕೊಳ್ಳುತ್ತದೆ. ಗಟ್ಟಿ ಮರಕ್ಕೆ ಇದೂ ಸಾಲದು. ಮೊಳೆಗಿಂತ ಸಣ್ಣ ಡ್ರಿಲ್ ಬಿಟ್ ಹಾಕಿ ಮೊದಲು ತೂತು ಕೊರೆಯಲೇಬೇಕು.

ಮಳೆ ಬೀಳುವ ಕಡೆ ಇಡುವ ಬೆಂಚು, ಬೇಲಿಗೆ ಮಿರಮಿರ ಮಿಂಚುವ ತೆಳು ಜಿಂಕ್ ಲೇಪದ ಮೊಳೆ ಬಾಳುವುದಿಲ್ಲ. ಕರಗಿದ ಜಿಂಕ್‌ನಲ್ಲಿ ಅದ್ದಿ ತೆಗೆದ, ಮಂಕು ಬೂದು ಬಣ್ಣದ ಒರಟು ಮೊಳೆಯೇ ಬೇಕು. ಓಕ್‌ನಂಥ ಟ್ಯಾನಿನ್ (ಮರದಲ್ಲಿನ ಒಗರು ಅಂಶ) ಜಾಸ್ತಿ ಇರುವ ಮರಕ್ಕಾದರೆ ನೇರವಾಗಿ ಸ್ಟೇನ್‌ಲೆಸ್ ಸ್ಟೀಲ್. ಬರೀ ಕಬ್ಬಿಣ ಹಾಕಿದರೆ ನೀರು ತಾಗಿದ ಕಡೆಯೆಲ್ಲ ಮೊಳೆಯ ಸುತ್ತ ನೀಲಿಗಪ್ಪು ಕಲೆ ಹರಡುತ್ತದೆ.