ಬೆರಳಿನ ಸ್ಪ್ರಿಂಗ್ ಸಾಧನ: ಗಿಟಾರ್ ಕಲಿಯುವವರು ಕೊಳ್ಳಬೇಕಾ?

ಅಂಗೈಯಲ್ಲಿ ಹಿಡಿದು ಒತ್ತುವ ಪುಟ್ಟ ಸಾಧನ ಇದು. ನಾಲ್ಕು ಬೆರಳಿಗೆ ನಾಲ್ಕು ಗುಂಡಿ, ಒಂದೊಂದರ ಕೆಳಗೂ ಒಂದು ಸ್ಪ್ರಿಂಗ್. ಗಿಟಾರ್ ಕಲಿಯುವವರಿಗೆ ಅಂತಲೇ ಆನ್‌ಲೈನ್‌ನಲ್ಲಿ ಮಾರುತ್ತಾರೆ. ನಾನು ತರಿಸಿದ್ದು 300 ರೂಪಾಯಿ ಒಳಗಿನದು. ಕಿರುಬೆರಳಿನ ಸ್ಪ್ರಿಂಗ್ ಈಗ ಕಿರ್ ಅನ್ನುತ್ತದೆ, ಕೆಲಸಕ್ಕೆ ತೊಂದರೆ ಇಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಿರುಬೆರಳಿಗೆ ಒಳ್ಳೆಯದು. ಆದರೆ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ, ಕಲಿಯುವವರಿಗೆ ಕಷ್ಟವಾಗುವ ಒಂದು ಹಿಡಿತ) ಬರಲಿ ಅಂತ ಇದನ್ನು ಕೊಳ್ಳಬೇಡಿ.

ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಗುಂಡಿ ಒತ್ತುತ್ತಾ ಇನ್ನೊಂದು ಕೈಯಿಂದ ಅಲ್ಲಿ ಮುಟ್ಟಿ ನೋಡಿ, ಬಿಗಿಯಾಗುವುದು ಗೊತ್ತಾಗುತ್ತದೆ. ದಿನಾ ಜೋಳದ ರೊಟ್ಟಿ ಬಡಿಯುವ ಕೈಗೆ ಆ ಬಲ ಮೊದಲೇ ಇರುತ್ತದೆ, ಅಲ್ವಾ? ಗಿಟಾರ್ ಕೇಳುವುದೇ ಬೇರೆ. ಒಂದು ಬೆರಳು ಒತ್ತಿಕೊಂಡಿರುವಾಗ ಪಕ್ಕದ್ದು ತಾನಾಗಿ ಎದ್ದು ಬೇರೆ ತಂತಿಗೆ ಹೋಗಬೇಕು. ಅದರಲ್ಲೂ ಉಂಗುರ ಬೆರಳು ಸುಲಭಕ್ಕೆ ಒಂಟಿಯಾಗಿ ಏಳುವುದಿಲ್ಲ, ಅಂಗೈ ಹಿಂಭಾಗದಲ್ಲಿ ಅದರ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅಕ್ಕಪಕ್ಕದ ಬೆರಳುಗಳ ಸ್ನಾಯುರಜ್ಜುಗಳಿಗೆ ಜೋಡಿಕೊಂಡಿರುತ್ತದೆ. ಸ್ಪ್ರಿಂಗ್ ಒತ್ತುವುದನ್ನು ಕಲಿಸುತ್ತದೆ, ಎತ್ತುವುದನ್ನಲ್ಲ.

ಎತ್ತುವುದಕ್ಕೆ ಗಿಟಾರೇ ಬೇಕು. ಗಿಟಾರ್ ಕತ್ತಿನ ಮೇಲಿರುವ ಅಡ್ಡ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಐದನೇ ಫ್ರೆಟ್‌ನಿಂದ ಶುರು ಮಾಡಿ, ಅಲ್ಲಿ ಫ್ರೆಟ್‌ಗಳು ಹತ್ತಿರ ಇರುತ್ತವೆ. ಫ್ರೆಟ್‌ಗೊಂದು ಬೆರಳು, ಒಂದಾದ ಮೇಲೆ ಒಂದು. ನಾಲ್ಕೂ ಕೂತ ಮೇಲೆ ತೋರುಬೆರಳೊಂದನ್ನೇ ಎತ್ತಿ ಪಕ್ಕದ ತಂತಿಗೆ ಇಡಿ, ಉಳಿದ ಮೂರು ಅಲುಗಬಾರದು. ಆಮೇಲೆ ಮಧ್ಯದ ಬೆರಳು. ನಿಧಾನ ಮಾಡಿದಷ್ಟೂ ಒಳ್ಳೆಯದು.

ಇನ್ನು ಎಫ್. ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಬೆರಳಿನ ಗೆರೆಯ ತಗ್ಗಿನಲ್ಲಿ ಒಂದು ತಂತಿ ಸಿಕ್ಕರೆ ಅದು ಠುಸ್ ಅನ್ನುತ್ತದೆ. ಆಗ ಜಾಸ್ತಿ ಒತ್ತುವುದರಿಂದ ಪ್ರಯೋಜನ ಇಲ್ಲ. ಬೆರಳನ್ನು ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಗಟ್ಟಿ ಅಂಚಿನಿಂದ ಒತ್ತಿ, ಫ್ರೆಟ್‌ಗೆ ಹತ್ತಿರ ತನ್ನಿ. ಮೊಣಕೈ ಮೈಗೆ ಹತ್ತಿರ ಇರಲಿ.

ಇಷ್ಟಾದರೂ ಬರಲಿಲ್ಲ ಅಂದರೆ ಗಿಟಾರನ್ನೇ ಪರೀಕ್ಷಿಸಿ. ನಾನು ಇಲ್ಲೇ ಕಲಬುರಗಿಯಲ್ಲಿ ವಾದ್ಯ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಒಂದು ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ಎಷ್ಟು ಸಂದಿ ಇದೆ ಅಂತ ಬಗ್ಗಿ ನೋಡಿದರು. ಕಾಗದದ ದಪ್ಪದಷ್ಟು ಇದ್ದರೆ ಸಾಕಂತೆ, ನನ್ನದರಲ್ಲಿ ಬಹಳ ಇತ್ತು. "ಅಕ್ಕಾರ, ನಿಮ್ಮ ಬೆರಳಿಗಿ ಏನೂ ಆಗಿಲ್ರಿ, ತಂತಿನೇ ಎತ್ತರ ಅದಾವ್ರಿ" ಅಂದರು. ಸಣ್ಣ ಅರದಿಂದ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ತೋಡುಗಳನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ತಂತಿ ಕೂರಿಸಿ ನೋಡಿದರು. ಅವಸರವೇ ಇಲ್ಲ. ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್‌ಗೆ ತಾಗಿ ಝುಂಯ್ ಅನ್ನುತ್ತದೆ, ಹಾಗಾಗಿ ಮನೆಯಲ್ಲಿ ಕೈ ಹಾಕಬೇಡಿ. ಅತಿ ತೆಳು ತಂತಿ 0.012 ಇಂಚು ದಪ್ಪ ಇರುವ ಸೆಟ್ ಬಿಚ್ಚಿಸಿ 0.010 ಇಂಚಿನದು ಹಾಕಿಸಿದೆ. ಶಬ್ದ ಸ್ವಲ್ಪ ತೆಳುವಾಯಿತು, ಆದರೆ ಅದೇ ಬೆರಳಿನಿಂದ ಎಫ್ ಪೂರ್ತಿ ಕೇಳಿಸಿತು! ಆ ಖುಷಿ ಯಾವ ಸ್ಪ್ರಿಂಗೂ ಕೊಟ್ಟಿರಲಿಲ್ಲ.

ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಒಣ ಬಿಸಿಗೆ ಕಟ್ಟಿಗೆ ಅಲುಗಿ ತಂತಿಯ ಎತ್ತರವೂ ಬದಲಾಗುತ್ತದೆ. ಗಿಟಾರನ್ನು ಕವರ್‌ನಲ್ಲೇ ಇಡಿ, ಕೂಲರ್ ಎದುರು ನೇತುಹಾಕಬೇಡಿ.

ಸಾಧನ ಕೊಳ್ಳಲೇಬೇಕು ಅಂದರೆ ಅತಿ ಹಗುರ ಸ್ಪ್ರಿಂಗಿನದು ಆರಿಸಿ. ಬಾರಿಸುವ ಮೊದಲು ಕೈ ಬೆಚ್ಚಗಾಗಲು ಸ್ವಲ್ಪ ಹೊತ್ತು ಒತ್ತಿದರೆ ಸಾಕು. ತುದಿಬೆರಳು ಉರಿಯುವುದು ಸಹಜ, ಕಾಯಿ ಕಟ್ಟಿದ ಮೇಲೆ ಹೋಗುತ್ತದೆ. ಮಣಿಕಟ್ಟು ನೋವು ಬಂದರೆ, ಬೆರಳು ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ಮರುದಿನವೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.