ಹಳೇ ಪಾರ್ಟಿಯಿಂದಲೇ ‘ಅಕೌಂಟ್ ನಂಬರ್ ಬದಲಾಗಿದೆ’ ಅಂತ ಮೇಲ್ ಬಂದ್ರೂ ದುಡ್ಡು ಹಾಕ್ಬೇಡಿ, ಮೊದ್ಲು ಫೋನ್ ಮಾಡಿ

ಆನ್‌ಲೈನಲ್ಲಿ ವ್ಯಾಪಾರ ಮಾಡೋರು, ಅದ್ರಲ್ಲೂ ಕಂಪನಿಯಿಂದ ಕಂಪನಿಗೆ ಮಾಲು ಮಾರೋರು ತಗೊಳ್ಳೋರು ಇದನ್ನ ದಯವಿಟ್ಟು ಪೂರ್ತಿ ಓದಿ. ಫೇಕ್ ವೆಬ್‌ಸೈಟು, ಲಾಟರಿ ಮೆಸೇಜು ಇವೆಲ್ಲ ಈಗ ಎಲ್ರಿಗೂ ಗೊತ್ತು, ನಾನು ಹೇಳ್ತಿರೋದು ಅದಲ್ಲ. ಇಲ್ಲಿ ಕಂಪನಿ ನಿಜವಾದ್ದು, ಆರ್ಡರ್ ನಿಜವಾದ್ದು, ಮಾಲು ನಿಜವಾಗ್ಲೂ ಹೋಗಿದೆ, ಮೇಲ್ ಐಡಿನೂ ನಿಜವಾದ್ದೇ. ದುಡ್ಡು ಮಾತ್ರ ಇನ್ಯಾರದೋ ಅಕೌಂಟಿಗೆ ಹೋಗಿದೆ.

ನಮ್ದು ಮೆಷಿನ್ ಸ್ಪೇರ್ ಪಾರ್ಟ್ಸ್ ಸಪ್ಲೈ. ಕ್ಯಾಟಲಾಗು ವೆಬ್‌ಸೈಟಲ್ಲಿ ಇರುತ್ತೆ, ಅಲ್ಲಿಂದ ಎನ್‌ಕ್ವೈರಿ ಬರುತ್ತೆ, ಆಮೇಲೆ ಕೊಟೇಶನ್ನು, ಪರ್ಚೇಸ್ ಆರ್ಡರು, ಇನ್‌ವಾಯ್ಸು ಎಲ್ಲ ಮೇಲಲ್ಲೇ ನಡೆಯೋದು. ಈ ಪಾರ್ಟಿ ಹೊರದೇಶದೋರು, ವರ್ಷಗಳಿಂದ ನಮ್ಮತ್ರಾನೇ ತಗೊಳ್ತಿದಾರೆ, ಪೇಮೆಂಟ್ ಲೇಟ್ ಮಾಡಿದೋರೇ ಅಲ್ಲ. ಈ ಸಲಾನೂ ಅಡ್ವಾನ್ಸ್ ಸರಿಯಾಗಿ ಬಂತು, ಮಾಲು ಕಳಿಸಿದ್ವಿ, ಬ್ಯಾಲೆನ್ಸಿಗೆ ಇನ್‌ವಾಯ್ಸ್ ಹಾಕಿದ್ವಿ. ಡ್ಯೂ ಡೇಟ್ ದಾಟ್ತು. ರಿಮೈಂಡರ್ ಮೇಲ್ ಹಾಕಿದ್ರೆ ಉತ್ತರಾನೇ ಇಲ್ಲ. ಕೊನೆಗೆ ಫೋನ್ ಮಾಡಿದ್ರೆ ಅವರ ಅಕೌಂಟ್ಸ್ ಮೇಡಂ, ಆವಾಗ್ಲೇ ಹಾಕಿದೀವಲ್ಲ, ನೀವೇ ತಾನೆ ಹೊಸ ಅಕೌಂಟ್ ಕೊಟ್ಟಿದ್ದು ಅಂದ್ರು.

ಅವರು ಫಾರ್ವರ್ಡ್ ಮಾಡಿದ ಮೇಲ್ ನೋಡಿ ತಲೆ ಗಿರ್ ಅಂತು. ಹೊಸ ಮೇಲಲ್ಲ ಅದು, ನಾವು ಮಾತಾಡ್ತಿದ್ದ ಅದೇ ಥ್ರೆಡ್ಡು, ನಮ್ಮ ಮೇಲಿನ ಕೆಳಗೇ ಮುಂದುವರಿದಿತ್ತು. ಇನ್‌ವಾಯ್ಸ್ ನಂಬರ್ ಅದೇ, ಲೋಗೋ ಅದೇ, ಸೀಲು ಸೈನೂ ಅದೇ, ಬ್ಯಾಂಕ್ ಡೀಟೇಲ್ಸ್ ಇರೋ ಮೂರು ಸಾಲು ಮಾತ್ರ ಬೇರೆ. ‘ನಮ್ಮ ಅಕೌಂಟ್ ಆಡಿಟ್‌ನಲ್ಲಿದೆ, ಈ ಸಲ ಇದಕ್ಕೆ ಹಾಕಿ’ ಅಂತ ಒಂದು ಕಾರಣ. ಬರವಣಿಗೆ ಕೂಡ ನಮ್ಮ ಸೇಲ್ಸ್ ಹುಡುಗಂದೇ, ಅವನು ಪ್ರತಿ ಮೇಲ್ ಕೊನೇಲಿ ಹಾಕೋ ಸಾಲು ಸಮೇತ.

ಆ ಮೇಡಂ ಕಣ್ಮುಚ್ಕೊಂಡು ಹಾಕಿಲ್ಲ, ಅದು ಇನ್ನೂ ಹೊಟ್ಟೆ ಉರಿಯೋ ವಿಷಯ. ‘ಇದು ನಿಜಾನಾ, ಕನ್ಫರ್ಮ್ ಮಾಡಿ’ ಅಂತ ರಿಪ್ಲೈ ಕೇಳಿದಾರೆ. ನಮ್ಮ ಮೇಲ್‌ಬಾಕ್ಸಿಂದಾನೇ ‘ಹೌದು, ಸರಿಯಾಗಿದೆ’ ಅಂತ ಉತ್ತರ ಹೋಗಿದೆ. ಆಮೇಲೆ ನಮ್ಮ ರಿಮೈಂಡರ್ ನೋಡಿ ಅವರು ಮತ್ತೆ ಕೇಳಿದ್ರೆ, ಅದು ಆಟೋಮ್ಯಾಟಿಕ್ಕಾಗಿ ಬರೋದು ಬಿಟ್ಬಿಡಿ ಅಂತ ಅದಕ್ಕೂ ಉತ್ತರ! ಅಂದ್ರೆ ಕಳ್ಳ ಒಬ್ಬ ನಮ್ಮ ಮೇಲ್‌ಬಾಕ್ಸ್ ಒಳಗೇ ಕೂತ್ಕೊಂಡು ನಮ್ಮ ಹೆಸರಲ್ಲಿ ಅವರ ಹತ್ರ ಮಾತಾಡ್ತಿದ್ದ.

ಹೇಗೆ ಅಂತ ಆಮೇಲೆ ಲಾಗ್ಸ್ (ಯಾರು ಯಾವಾಗ ಲಾಗಿನ್ ಆದ್ರು, ಏನು ಮಾಡಿದ್ರು ಅನ್ನೋ ದಾಖಲೆ) ತೆಗೆಸಿದಾಗ ಗೊತ್ತಾಯ್ತು. ಸೇಲ್ಸ್ ಹುಡುಗನಿಗೆ ಇನ್ನೊಬ್ಬ ಪರಿಚಯದ ಸಪ್ಲೈಯರಿಂದ ಡಾಕ್ಯುಮೆಂಟ್ ಶೇರ್ ಮಾಡಿರೋ ಲಿಂಕ್ ಬಂದಿತ್ತು (ಅವರ ಮೇಲ್ ಮೊದ್ಲೇ ಹ್ಯಾಕ್ ಆಗಿತ್ತು, ಹಿಂಗೇ ಸರಪಳಿ ಬೆಳೆಯೋದು). ಲಿಂಕ್ ಒತ್ತಿದ್ರೆ ಲಾಗಿನ್ ಪೇಜು. ನಮ್ಮಲ್ಲಿ ಓಟಿಪಿ ಇತ್ತು ಸ್ವಾಮಿ, ಇದ್ರೂ ಏನೂ ಆಗ್ಲಿಲ್ಲ, ಯಾಕಂದ್ರೆ ಆ ಪೇಜು ಮಧ್ಯದಲ್ಲಿ ನಿಂತು ಪಾಸ್‌ವರ್ಡು ಓಟಿಪಿ ಎರಡನ್ನೂ ಅಸಲಿ ಸರ್ವರಿಗೆ ದಾಟಿಸಿ ವಾಪಸ್ ಬರೋ ಸೆಷನ್ ಕುಕಿ (ಇವರು ಆಗ್ಲೇ ಲಾಗಿನ್ ಆಗಿದಾರೆ ಅಂತ ಗುರುತಿಸೋ ಚೀಟಿ ಇದ್ದಂಗೆ) ಕದ್ಕೊಳ್ಳುತ್ತೆ. ಒಳಗೆ ಬಂದ್ಮೇಲೆ ಆ ಕಳ್ಳ ಗಲಾಟೆ ಏನೂ ಮಾಡಿಲ್ಲ, ಸುಮ್ನೆ ಓದಿದಾನೆ, ಯಾವ ಪಾರ್ಟಿ ದೊಡ್ಡದು, ಯಾವ ಇನ್‌ವಾಯ್ಸು ಯಾವಾಗ ಡ್ಯೂ. ಆಮೇಲೆ ಒಂದು ರೂಲ್ ಹಾಕಿದಾನೆ: ಆ ಪಾರ್ಟಿಯಿಂದ ಬರೋ ಮೇಲೆಲ್ಲ ಇನ್‌ಬಾಕ್ಸಿಗೆ ಬರದೇ ‘ಓದಾಗಿದೆ’ ಅಂತ ಮಾರ್ಕ್ ಆಗಿ ಆರ್‌ಎಸ್‌ಎಸ್ ಫೀಡ್ಸ್ ಅನ್ನೋ ಫೋಲ್ಡರಿಗೆ ಹೋಗ್ಬೇಕು. ನ್ಯೂಸ್ ಸೈಟುಗಳ ಫೀಡು ಬೀಳೋ ಜಾಗ ಅದು, ಜನ್ಮದಲ್ಲಿ ಯಾರೂ ತೆಗೆದು ನೋಡಲ್ಲ. ಅಲ್ಲಿ ಆ ಮೇಡಂ ಬರೆದಿದ್ದೆಲ್ಲ ಸಾಲಾಗಿ ಬಿದ್ದಿತ್ತು.

ಸ್ಪೆಲ್ಲಿಂಗ್ ನೋಡಿ, ಮೇಲ್ ಐಡಿ ನೋಡಿ ಅಂತ ಎಲ್ಲ ಕಡೆ ಹೇಳ್ತಾರಲ್ಲ, ಅದು ತಪ್ಪೇನಲ್ಲ. ಇಂಗ್ಲಿಷಿನ ಆರ್ ಎನ್ ಎರಡಕ್ಷರ ಪಕ್ಕಪಕ್ಕ ಇಟ್ಟು ಎಮ್ ತರ ಕಾಣ್ಸೋ ಡೊಮೈನ್ (ಮೇಲ್ ಐಡಿಯಲ್ಲಿ @ ಆದ್ಮೇಲೆ ಬರೋ ಹೆಸರು) ಮಾಡೋರು ಇದಾರೆ. ಆದ್ರೆ ಇಲ್ಲಿ ಮೇಲ್ ಬಂದಿದ್ದು ನಮ್ಮ ಅಸಲಿ ಮೇಲ್‌ಬಾಕ್ಸಿಂದ. ಎಸ್‌ಪಿಎಫ್, ಡಿಕೆಐಎಮ್, ಡಿಮಾರ್ಕ್ ಅಂತ ಐಟಿಯೋರು ಹೇಳೋ ಚೆಕ್ ಎಲ್ಲ ಪಾಸ್ ಆಗುತ್ತೆ, ಆಗ್ಲೇಬೇಕು, ಅವು ನೋಡೋದು ಯಾವ ಸರ್ವರಿಂದ, ಯಾವ ಡೊಮೈನಿಂದ ಬಂತು ಅಂತ ಅಷ್ಟೇ, ಕೀಬೋರ್ಡ್ ಮುಂದೆ ಯಾರು ಕೂತಿದಾರೆ ಅಂತ ಅಲ್ಲ.

ಬ್ಯಾಂಕ್ ಕಥೆ ಬೇರೆ. ಬೆನಿಫಿಷಿಯರಿ (ದುಡ್ಡು ತಗೊಳ್ಳೋರು) ಹೆಸರಿನ ಜಾಗದಲ್ಲಿ ನಮ್ಮ ಕಂಪನಿ ಹೆಸರೇ ಇತ್ತು, ಅಕೌಂಟ್ ಮಾತ್ರ ಯಾರದೋ. ಎಷ್ಟೋ ಕಡೆ ಬ್ಯಾಂಕು ನಂಬರ್ ಸರಿಯಾಗಿದ್ರೆ ದುಡ್ಡು ಹಾಕ್ಬಿಡುತ್ತೆ, ಹೆಸರು ತಾಳೆ ನೋಡಲ್ಲ. ಬ್ರಿಟನ್ನಲ್ಲಿ ಹೆಸರು ನಂಬರ್ ಎರಡೂ ಹೊಂದುತ್ತಾ ಅಂತ ತೋರ್ಸೋ ವ್ಯವಸ್ಥೆ ದೊಡ್ಡ ಬ್ಯಾಂಕುಗಳಲ್ಲಿ ಶುರುವಾಗಿದ್ದೇ 2020ರಲ್ಲಿ. ನಮ್ಮ ಪಾರ್ಟಿಯೋರು ಅವರ ಬ್ಯಾಂಕಿಂದ ರೀಕಾಲ್ (ದುಡ್ಡು ವಾಪಸ್ ಕೇಳೋ ಮನವಿ) ಕಳ್ಸಿದ್ರು, ಅಷ್ಟೊತ್ತಿಗೆ ಆ ಅಕೌಂಟು ಖಾಲಿ, ಅಲ್ಲಿಂದ ಇನ್ನೆಲ್ಲೆಲ್ಲಿಗೋ ಹೋಗಿತ್ತು. ಮೊದಲ ಒಂದೆರಡು ದಿನದೊಳಗೆ ಹಿಡಿದ್ರೆ ಸಿಗೋ ಚಾನ್ಸ್ ಇರುತ್ತೆ, ಹಾಗಾಗಿ ಗೊತ್ತಾದ ಕ್ಷಣ ಮೊದ್ಲು ದುಡ್ಡು ಕಳಿಸಿದ ಬ್ಯಾಂಕಿಗೆ ಫೋನ್, ಪೊಲೀಸ್ ಕಂಪ್ಲೇಂಟು, ಆಮೇಲೆ ಜಗಳ. ಜನ ಉಲ್ಟಾ ಮಾಡ್ತಾರೆ, ಮೊದ್ಲು ಒಬ್ಬರಿಗೊಬ್ಬರು ಬೈಕೊಂಡು ಟೈಮ್ ಕಳೀತಾರೆ.

ಜಗಳ ಅಂದ್ರೆ, ನಷ್ಟ ಯಾರದು? ನಾವು ಮಾಲು ಕೊಟ್ಟಿದೀವಿ ದುಡ್ಡು ಬಂದಿಲ್ಲ, ಅವರು ದುಡ್ಡು ಕೊಟ್ಟಿದಾರೆ, ನಿಮ್ಮ ಮೇಲಿಂದ ಬಂದ ನಂಬರಿಗೇ ಹಾಕಿದೀವಿ ಅಂತಾರೆ. ಇದೇ ತರದ್ದು ಅಮೆರಿಕದಲ್ಲಿ ಕೋರ್ಟಿಗೇ ಹೋಗಿತ್ತು. ಬೋ ಟೌನ್ಸೆಂಡ್ ಫೋರ್ಡ್ ಅನ್ನೋ ಡೀಲರು ಡಾನ್ ಹೈಂಡ್ಸ್ ಫೋರ್ಡ್ ಅನ್ನೋ ಇನ್ನೊಬ್ಬ ಡೀಲರಿಗೆ 20 ಕಾರು ಮಾರಿದ್ರು, ಮಾರಿದೋರ ಮ್ಯಾನೇಜರ್ ಮೇಲ್ ಹ್ಯಾಕ್ ಆಗಿತ್ತು, 7 ಲಕ್ಷ ಡಾಲರಿಗೂ ಜಾಸ್ತಿ ಹ್ಯಾಕರ್ ಅಕೌಂಟಿಗೆ ಹೋಯ್ತು. ಕೆಳಗಿನ ಕೋರ್ಟು ಕಾರು ತಗೊಂಡೋರೇ ದುಡ್ಡು ಕೊಡ್ಬೇಕು ಅಂತು, 2018ರಲ್ಲಿ ಅಪೀಲ್ ಕೋರ್ಟು ಅದನ್ನ ತೆಗೆದುಹಾಕಿ, ಯಾರು ಜಾಗ್ರತೆ ಮಾಡಿದ್ರೆ ಇದು ತಪ್ತಿತ್ತು ಅಂತ ನೋಡಿ ತೀರ್ಮಾನ ಮಾಡಿ ಅಂತ ವಾಪಸ್ ಕಳಿಸ್ತು. ಅಂದ್ರೆ ಮೇಲ್ ಹ್ಯಾಕ್ ಆದೋರು ‘ನಮ್ಗೆ ಸಂಬಂಧ ಇಲ್ಲ’ ಅನ್ನೋ ಹಾಗಿಲ್ಲ, ದುಡ್ಡು ಹಾಕಿದೋರು ‘ನಾವು ಹಾಕಾಯ್ತು’ ಅಂತ ಕೂರೋ ಹಾಗೂ ಇಲ್ಲ. ನಾವು ಕೋರ್ಟಿಗೆ ಹೋಗ್ಲಿಲ್ಲ, ಲಾಯರ್ ಫೀಸು ನೋಡಿ ಅರ್ಧ ಅರ್ಧ ಹಂಚ್ಕೊಂಡ್ವಿ.

ಸಣ್ಣ ಕಂಪನಿಗಳಿಗೆ ಮಾತ್ರ ಹಿಂಗಾಗುತ್ತೆ ಅನ್ಕೋಬೇಡಿ. ಎವಾಲ್ಡಸ್ ರಿಮಸೌಸ್ಕಸ್ ಅನ್ನೋ ಲಿಥುವೇನಿಯಾದವನು ತೈವಾನಿನ ಕ್ವಾಂಟಾ ಕಂಪ್ಯೂಟರ್ (ಗೂಗಲ್, ಫೇಸ್‌ಬುಕ್ ಜೊತೆ ನಿಜವಾಗ್ಲೂ ವ್ಯಾಪಾರ ಇದ್ದ ಕಂಪನಿ) ಹೆಸರಲ್ಲೇ ಲಾಟ್ವಿಯಾದಲ್ಲಿ ಒಂದು ಕಂಪನಿ ರಿಜಿಸ್ಟರ್ ಮಾಡಿ, ಗೂಗಲ್ ಮತ್ತು ಫೇಸ್‌ಬುಕ್ಕಿಗೆ ಸುಳ್ಳು ಇನ್‌ವಾಯ್ಸ್ ಕಳ್ಸಿ 12 ಕೋಟಿ ಡಾಲರಿಗೂ ಜಾಸ್ತಿ ಎತ್ತಿದ್ದ. 2019ರಲ್ಲಿ ಐದು ವರ್ಷ ಜೈಲಾಯ್ತು. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳಲ್ಲೇ ಈ ಬಿಸಿನೆಸ್ ಇಮೇಲ್ ಮೋಸದ ನಷ್ಟ ಸುಮಾರು 290 ಕೋಟಿ ಡಾಲರು.

ಈಗ ನಾವು ಮಾಡ್ತಿರೋದು ಹೇಳ್ತೀನಿ. ಬ್ಯಾಂಕ್ ಡೀಟೇಲ್ಸ್ ಬದಲಾಯ್ತು ಅಂತ ಯಾರಿಂದ ಮೇಲ್ ಬಂದ್ರೂ ಫೋನ್ ಮಾಡಿ ಕೇಳ್ತೀವಿ, ಆ ಮೇಲಲ್ಲಿ ಇರೋ ನಂಬರಿಗಲ್ಲ (ಅದೂ ಕಳ್ಳಂದೇ ಇರಬಹುದು), ಹಳೇ ಆರ್ಡರ್ ಫೈಲಲ್ಲಿರೋ ನಂಬರಿಗೆ. ನಾವು ಕಳ್ಸೋ ಇನ್‌ವಾಯ್ಸ್ ಮೇಲೂ ‘ನಮ್ಮ ಅಕೌಂಟ್ ಬದಲಾವಣೆ ಮೇಲಲ್ಲಿ ತಿಳಿಸೋದಿಲ್ಲ’ ಅಂತ ಪ್ರಿಂಟ್ ಮಾಡ್ತೀವಿ, ಹೊಸ ಪಾರ್ಟಿ ಆದ್ರೆ ಮೊದಲನೇ ಆರ್ಡರ್ ಟೈಮಲ್ಲೇ ಇದನ್ನ ಬಾಯಲ್ಲೂ ಹೇಳ್ತೀವಿ. ದೊಡ್ಡ ಮೊತ್ತಕ್ಕೆ ಲೆಟರ್ ಆಫ್ ಕ್ರೆಡಿಟ್ (ಮಾಲು ಕಳಿಸಿದ ದಾಖಲೆ ಸರಿಯಾಗಿ ಕೊಟ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕೇ ಒಪ್ಕೊಳ್ಳೋ ಪತ್ರ). ಖರ್ಚು ಜಾಸ್ತಿ, ಪೇಪರ್ ವರ್ಕ್ ತಲೆನೋವು, ಇರ್ಲಿ. ಮೇಲಿಗೆ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನು ಇಲ್ಲ ಕಂಪ್ಯೂಟರಲ್ಲಿರೋ ಡಿಜಿಟಲ್ ಕೀಲಿಯಿಂದ ಲಾಗಿನ್ ಆಗೋದು) ಹಾಕ್ಸಿದೀವಿ, ಅದು ಅಸಲಿ ಸೈಟಿಗೆ ಬಿಟ್ರೆ ಬೇರೆಲ್ಲೂ ಕೆಲಸ ಮಾಡಲ್ಲ, ಹಾಗಾಗಿ ಮಧ್ಯದಲ್ಲಿ ನಿಲ್ಲೋ ಪೇಜಿಗೆ ಸಿಗಲ್ಲ.

ಹ್ಯಾಕ್ ಆಗಿದೆ ಅಂತ ಡೌಟ್ ಬಂದ್ರೆ ಬರೀ ಪಾಸ್‌ವರ್ಡ್ ಬದಲಾಯಿಸಿ ಬಿಡ್ಬೇಡಿ. ಬಾಗಿಲಿಗೆ ಹೊಸ ಬೀಗ ಹಾಕಿ ಕಳ್ಳನ್ನ ಅಟ್ಟದ ಮೇಲೇ ಬಿಟ್ಟಂಗೆ ಅದು. ರೂಲ್ಸ್, ಫಾರ್ವರ್ಡಿಂಗ್, ಮೇಲಿಗೆ ಕನೆಕ್ಟ್ ಆಗಿರೋ ಆ್ಯಪ್ಸ್ ಎಲ್ಲ ಒಂದೊಂದಾಗಿ ನೋಡಿ ತೆಗೀರಿ, ಎಲ್ಲ ಸೆಷನ್ನೂ ಸೈನ್ ಔಟ್ ಮಾಡಿಸಿ.

ಇನ್ನೊಂದು, ಕಂಪ್ಲೇಂಟ್ ಕೊಟ್ಟ ಮೇಲೆ ನಮ್ಗೆ ‘ನಿಮ್ಮ ದುಡ್ಡು ಟ್ರೇಸ್ ಆಗಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿದ್ರೆ ವಾಪಸ್ ಕೊಡಿಸ್ತೀವಿ’ ಅಂತ ಒಂದು ರಿಕವರಿ ಏಜೆನ್ಸಿ ಹೆಸರಲ್ಲಿ ಮೇಲ್ ಬಂತು, ಇನ್‌ವಾಯ್ಸ್ ನಂಬರೂ ಮೊತ್ತಾನೂ ಕರೆಕ್ಟಾಗಿ ಹಾಕಿದ್ರು. ದುಡ್ಡು ಕದ್ದವನಿಗೂ ಆ ಎರಡೂ ಗೊತ್ತಿರುತ್ತಲ್ಲ. ಅದಕ್ಕೆ ರಿಪ್ಲೈ ಕೂಡ ಮಾಡ್ಬೇಡಿ, ಸ್ಕ್ರೀನ್‌ಶಾಟ್ ತೆಗೆದು ಪೊಲೀಸಿಗೆ ಕೊಡಿ.