5.1 ಸಾಕೇ, 7.1 ಬೇಕೇ? ಮೊದಲು ಸೋಫಾ ನೋಡಿ

ಹೋಮ್ ಥಿಯೇಟರ್‌ನಲ್ಲಿ 5.1 ಅಂದರೆ ಐದು ಸ್ಪೀಕರ್, 7.1 ಅಂದರೆ ಏಳು; .1 ಅಂದರೆ ದಪ್ಪ ಸದ್ದಿನ ಸಬ್‌ವೂಫರ್. ಮುಂದಿನ ಮೂರು ಸ್ಪೀಕರ್‌ಗಳ ಜಾಗ ಎರಡರಲ್ಲೂ ಒಂದೇ: ಸೆಂಟರ್ ಟಿವಿಯ ಕೆಳಗೆ, ಎಡಬಲದವು ಕೂತವರು ಟಿವಿ ನೋಡುವ ನೇರದಿಂದ (ಅದು ಸೊನ್ನೆ ಡಿಗ್ರಿ) 22ರಿಂದ 30 ಡಿಗ್ರಿ ಓರೆಯಲ್ಲಿ. ವ್ಯತ್ಯಾಸವೆಲ್ಲ ಹಿಂದೆ.

5.1ರಲ್ಲಿ ಸರೌಂಡ್ ಜೋಡಿ (ಸುತ್ತಲಿನ ಸದ್ದು ಕೊಡುವ ಎರಡು ಸ್ಪೀಕರ್) 110–120 ಡಿಗ್ರಿಯಲ್ಲಿ, ಅಂದರೆ ಕಿವಿಗಿಂತ ತುಸು ಹಿಂದೆ. 7.1ರಲ್ಲಿ ಅದು 90–110ಕ್ಕೆ ಸರಿದು, ಇನ್ನೊಂದು ಜೋಡಿ 135–150ರಲ್ಲಿ ಬೆನ್ನ ಹಿಂದೆ ಬರುತ್ತದೆ. ಇದಕ್ಕೆ ಸೋಫಾ ಹಿಂದೆ ನಾಲ್ಕೈದು ಅಡಿ ಜಾಗ ಬೇಕು.

ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ಸೋಫಾ ಸಾಮಾನ್ಯವಾಗಿ ಗೋಡೆಗೇ ಒರಗಿರುತ್ತದೆ. ಅಲ್ಲಿ 7.1 ಹಾಕಿದರೆ ಹಿಂದಿನ ಸ್ಪೀಕರ್ ಕಿವಿಯ ಪಕ್ಕದಲ್ಲೇ ಕೂಗಿ ಉಳಿದದ್ದನ್ನೆಲ್ಲ ನುಂಗಿಬಿಡುತ್ತದೆ. ಅಂಥ ಕಡೆ 5.1 ಸರಿ. ಹಿಂದೆ ಜಾಗವಿಲ್ಲದ್ದರಿಂದ ಸರೌಂಡ್‌ಗಳನ್ನು 110ರ ಬದಲು ಪಕ್ಕದ ಗೋಡೆಗೆ, 90 ಡಿಗ್ರಿಯಲ್ಲಿ, ಕೂತಾಗಿನ ಕಿವಿಗಿಂತ ಒಂದೆರಡು ಅಡಿ ಮೇಲೆ ಹಾಕಿ. ಸೀಲಿಂಗ್‌ಗೆ ತಾಗಿಸಿ ಕಟ್ಟಿದರೆ ಸದ್ದಿನ ದಿಕ್ಕೇ ಕಲಸಿಹೋಗುತ್ತದೆ.

ಒಂದು ಬದಿ ಬಾಲ್ಕನಿ ಬಾಗಿಲಿದ್ದರೆ ಸ್ಟ್ಯಾಂಡ್ ಬಳಸಿ. ಎಡಬಲದ ದೂರ ಬೇರೆಯಾದರೆ ಟೇಪಿನಿಂದ ಅಳೆದು ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ತುಂಬಿ. ಸದ್ದು ತಲುಪುವುದರಲ್ಲಿ ಅಡಿಗೆ ಸುಮಾರು 0.9 ಮಿಲಿಸೆಕೆಂಡ್‌ನ ಅಂತರವನ್ನು ಅದು ಸರಿದೂಗಿಸುತ್ತದೆ.

ಮನೆ ಬದಲಿಸುವ ಯೋಚನೆಯಿದ್ದರೆ 7.1 ರಿಸೀವರನ್ನೇ ಕೊಳ್ಳಿ. ಸೆಟಪ್‌ನಲ್ಲಿ ಸರೌಂಡ್ ಬ್ಯಾಕ್ (ಬೆನ್ನ ಹಿಂದಿನ ಜೋಡಿ) ಇಲ್ಲವೆಂದು ಆರಿಸಿದರೆ ಸದ್ಯಕ್ಕೆ ಅದು 5.1 ಆಗಿ ಓಡುತ್ತದೆ.